ಬೆರಳಿನ ತೊಡಕಿಗೆ ತಕ್ಕ ಕೀಲಿಮಣೆ: ಸ್ಟಿಕಿ ಕೀಸ್, ಸ್ಲೋ ಕೀಸ್, ಬೌನ್ಸ್ ಕೀಸ್, ಮೌಸ್ ಕೀಸ್‌ಗಳಲ್ಲಿ ಯಾರಿಗೆ ಯಾವುದು?

‘ಹಳ್ಳಿ’ ಎಂದು ಬೆರಳಚ್ಚಿಸಲು ಹೊರಟವರ ಪರದೆಯ ಮೇಲೆ ‘ಹಲ್ಲಿ’ ಎಂದು ಮೂಡಿದರೆ, ಓದುವವರು ಅದನ್ನು ಕಾಗುಣಿತ ಬಾರದವರ ತಪ್ಪೆಂದೇ ತಿಳಿಯುತ್ತಾರೆ. ಆದರೆ ‘ನುಡಿ’ ತಂತ್ರಾಂಶದ ಕಗಪ ಎಂಬ ಕೀಲಿ ವಿನ್ಯಾಸದಲ್ಲಾಗಲಿ, ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಾಗಲಿ, ಲಕಾರದ ಕೀಲಿಗೆ ಶಿಫ್ಟ್ ಸೇರಿಸಿದರೆ ಮಾತ್ರ ಳಕಾರ ಬರುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಣೆಯಂತೆ ಬರೆಯುವ ಲಿಪ್ಯಂತರ ತಂತ್ರಾಂಶಗಳಲ್ಲೂ ಬಹುಮಟ್ಟಿಗೆ ಹೀಗೆಯೇ. ಪಾರ್ಶ್ವವಾಯುವಿನಿಂದ ಒಂದು ಕೈ ಸೋತವರಿಗೆ, ಬೆರಳುಗಳ ಗಂಟು ಸೆಡೆತುಕೊಂಡವರಿಗೆ, ಬಾಯಲ್ಲಿ ಹಿಡಿದ ಕಡ್ಡಿಯಿಂದ ಕೀಲಿ ಒತ್ತುವವರಿಗೆ ಶಿಫ್ಟ್ ಹಿಡಿದುಕೊಂಡೇ ಇನ್ನೊಂದು ಕೀಲಿ ಒತ್ತುವುದು ಆಗದ ಮಾತು. ಅವರಿಗೆ ಕಾಗುಣಿತ ಚೆನ್ನಾಗಿ ಗೊತ್ತಿದೆ. ಕೀಲಿಮಣೆ ಅವರ ಕೈಗೆ ಹೊಂದಿಕೊಂಡಿಲ್ಲ, ಅಷ್ಟೇ.

ಇದಕ್ಕೆ ಬೇಕಾದ ಉಪಾಯಗಳು ಯಾವುದೇ ಖರ್ಚಿಲ್ಲದೆ ಬಹುತೇಕ ಎಲ್ಲ ಕಂಪ್ಯೂಟರುಗಳಲ್ಲೂ ಮೊದಲಿನಿಂದಲೇ ಇವೆ. ಅಮೆರಿಕದ ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯದ ಟ್ರೇಸ್ ಕೇಂದ್ರದಲ್ಲಿ ಗ್ರೆಗ್ ವಾಂಡರ್‌ಹೈಡನ್ ಅವರ ತಂಡ 1980ರ ದಶಕದಲ್ಲಿ ಇವುಗಳ ಮೇಲೆ ಕೆಲಸ ಮಾಡಿತು. ಆಪಲ್‌ನ ಮ್ಯಾಕಿಂತಾಷ್‌ನಲ್ಲಿ ಅದೇ ದಶಕದಲ್ಲಿ, ವಿಂಡೋಸ್‌ನಲ್ಲಿ 1995ರ ಆವೃತ್ತಿಯಿಂದ ಇವುಗಳಲ್ಲಿ ಹೆಚ್ಚಿನವು ಕಾರ್ಯಾಚರಣ ವ್ಯವಸ್ಥೆಯ ಭಾಗವಾಗಿಯೇ ಬರುತ್ತಿವೆ. ಹೀಗಿದ್ದೂ ಬಳಸುವವರು ಕಡಿಮೆ. ಹೆಸರುಗಳೆಲ್ಲ ಒಂದೇ ತೆರನಾಗಿ ಕೇಳಿಸುವುದು ಒಂದು ಕಾರಣ. ಒಂದನ್ನು ಇನ್ನೊಂದರ ಜಾಗದಲ್ಲಿ ಚಾಲೂ ಮಾಡಿಕೊಂಡರೆ ಉಪಕಾರಕ್ಕಿಂತ ಉಪದ್ರವವೇ ಹೆಚ್ಚಾಗುವುದು ಇನ್ನೊಂದು ಕಾರಣ.

ಮೊದಲು ತಪ್ಪುಗಳನ್ನು ಓದಿ

ಕಾಯಿಲೆಯ ಹೆಸರು ನೋಡಿ ಸೌಲಭ್ಯ ಆರಿಸಬೇಡಿ ಎಂಬುದು ನನ್ನ ಮೊದಲ ಸಲಹೆ. ಪಾರ್ಕಿನ್‌ಸನ್ ಇರುವ ಇಬ್ಬರಲ್ಲಿ ಒಬ್ಬರಿಗೆ ಕೈ ನಡುಗಿ ಒಂದೇ ಅಕ್ಷರ ಎರಡು ಸಲ ಬೀಳಬಹುದು, ಇನ್ನೊಬ್ಬರಿಗೆ ಕೀಲಿಯಿಂದ ಬೆರಳು ಎತ್ತುವುದೇ ತಡವಾಗಬಹುದು. ಇವೆರಡಕ್ಕೂ ಬೇಕಾದ ಮದ್ದು ಬೇರೆ ಬೇರೆ. ನೋಟ್‌ಪ್ಯಾಡ್ ತೆರೆದು, ಯಾವುದಾದರೂ ಪತ್ರಿಕೆಯ ಒಂದು ಪ್ಯಾರಾವನ್ನು ನೋಡಿಕೊಂಡು, ಅಳಿಸದೆ, ತಿದ್ದದೆ ಹತ್ತು ನಿಮಿಷ ಬೆರಳಚ್ಚಿಸಿ. ಅನಂತರ ತಪ್ಪುಗಳನ್ನು ಓದಿ. ಳಕಾರವಿದ್ದಲ್ಲಿ ಲಕಾರ, ಣಕಾರವಿದ್ದಲ್ಲಿ ನಕಾರ, ಮಹಾಪ್ರಾಣವಿದ್ದಲ್ಲಿ ಅಲ್ಪಪ್ರಾಣ ಬಂದಿದ್ದರೆ ಶಿಫ್ಟ್ ಕೈಗೆ ಸಿಗುತ್ತಿಲ್ಲ ಎಂದರ್ಥ. ‘ಮರರರರರ’ ಎಂದು ಒಂದೇ ಅಕ್ಷರ ಸಾಲುಗಟ್ಟಿದ್ದರೆ ಬೆರಳು ಕೀಲಿಯ ಮೇಲೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಕೂರುತ್ತಿದೆ. ‘ಮರರ’ ಎಂದು ಎರಡೇ ಬಿದ್ದಿದ್ದರೆ ಬೆರಳು ಅದುರಿ ಮತ್ತೊಮ್ಮೆ ತಾಗಿದೆ. ಬೇಕಾದ ಅಕ್ಷರದ ಪಕ್ಕದ ಕೀಲಿಯ ಅಕ್ಷರಗಳು ನಡುನಡುವೆ ಸೇರಿಕೊಂಡಿದ್ದರೆ ಗುರಿ ಮುಟ್ಟುವ ಮುನ್ನ ಬೆರಳು ಅಕ್ಕಪಕ್ಕ ಸವರುತ್ತಿದೆ. ಈ ನಾಲ್ಕರಲ್ಲಿ ನಿಮ್ಮದು ಯಾವುದೆಂದು ತಿಳಿದರೆ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆ.

ಶಿಫ್ಟ್ ಹಿಡಿಯಲಾಗದಿದ್ದರೆ ಸ್ಟಿಕಿ ಕೀಸ್

ಸ್ಟಿಕಿ ಕೀಸ್ ಚಾಲೂ ಇದ್ದರೆ ಶಿಫ್ಟ್ ಒತ್ತಿ ಬಿಟ್ಟು, ಆಮೇಲೆ ಎಷ್ಟು ಹೊತ್ತಿಗಾದರೂ ಅಕ್ಷರದ ಕೀಲಿಯನ್ನು ಒತ್ತಬಹುದು. ಕಂಟ್ರೋಲ್, ಆಲ್ಟ್, ವಿಂಡೋಸ್ ಕೀಲಿಗಳಿಗೂ ಇದೇ ಕ್ರಮ. ವಿಂಡೋಸ್‌ನಲ್ಲಿ ಶಿಫ್ಟನ್ನು ಬೆನ್ನುಬೆನ್ನಿಗೆ ಐದು ಸಲ ಒತ್ತಿದರೆ ಅನುಮತಿ ಕೇಳುವ ಕಿಟಕಿ ತೆರೆಯುತ್ತದೆ. ಲಿನಕ್ಸ್‌ನ ಗ್ನೋಮ್‌ನಲ್ಲೂ ಮ್ಯಾಕ್‌ನಲ್ಲೂ ಇದೇ ಐದು ಸಲದ ಒತ್ತು ನಡೆಯುತ್ತದೆಯಾದರೂ, ಅಲ್ಲಿ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಅದಕ್ಕೆ ಒಪ್ಪಿಗೆ ಕೊಟ್ಟಿರಬೇಕು. ಮ್ಯಾಕ್ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ: ಯಾವ ಕೀಲಿ ಅಂಟಿಕೊಂಡಿದೆ ಎಂಬುದರ ಗುರುತು ಪರದೆಯ ಮೂಲೆಯಲ್ಲಿ ದೊಡ್ಡದಾಗಿ ಕಾಣುತ್ತದೆ. ವಿಂಡೋಸ್ ಹೆಚ್ಚಾಗಿ ಸದ್ದನ್ನೇ ನೆಚ್ಚಿಕೊಂಡಿದೆ. ಟಾಸ್ಕ್‌ಬಾರಿನಲ್ಲಿ ಬರುವ ಅದರ ಗುರುತು ಚಿಕ್ಕದು. ಕಿವಿ ಕೇಳಿಸದವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಸ್ಟಿಕಿ ಕೀಸ್‌ನ ಒಳಗೇ ಎರಡು ಆಯ್ಕೆಗಳಿವೆ. ಕನ್ನಡ ಬರೆಯುವವರು ಅವನ್ನು ಗಮನಿಸಲೇಬೇಕು. ಮೊದಲನೆಯದು ಬೀಗ ಹಾಕುವ ಆಯ್ಕೆ: ಶಿಫ್ಟನ್ನು ಎರಡು ಸಲ ಒತ್ತಿದರೆ ಅದು ಅಂಟಿಯೇ ಉಳಿಯುತ್ತದೆ, ಮೂರನೆಯ ಸಲ ಒತ್ತಿದಾಗ ಬಿಡುತ್ತದೆ. ಇಂಗ್ಲಿಷಿನಲ್ಲಿ ಒಂದಿಡೀ ಪದವನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಲು ಇದು ಅನುಕೂಲ. ಕನ್ನಡದಲ್ಲಿ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ‘ಹಳ್ಳಿ’ಯನ್ನೇ ತೆಗೆದುಕೊಳ್ಳಿ: ಇನ್‌ಸ್ಕ್ರಿಪ್ಟ್‌ನಲ್ಲಿ ಎರಡು ಳಕಾರಗಳಿಗೂ ಶಿಫ್ಟ್ ಬೇಕು, ಆದರೆ ಅವುಗಳ ನಡುವೆ ಬರುವ, ಒತ್ತಕ್ಷರ ಮಾಡುವ ಡಿ ಕೀಲಿಗೆ ಶಿಫ್ಟ್ ಇರಬಾರದು. ಬೀಗ ಬಿದ್ದಿದ್ದರೆ ಆ ಕೀಲಿ ‘ಅ’ ಎಂದು ಮೂಡಿಸುತ್ತದೆ, ಪದ ‘ಹಳಅಳಇ’ ಎಂದು ಕೆಡುತ್ತದೆ. ಕೈ ನಡುಗುವವರಿಗೆ ಅರಿವಿಲ್ಲದೆಯೇ ಶಿಫ್ಟ್ ಎರಡು ಸಲ ಬಿದ್ದು ಈ ಬೀಗ ಬೀಳುವುದರಿಂದ, ಕನ್ನಡದ ಮಟ್ಟಿಗೆ ಇದನ್ನು ತೆಗೆದುಬಿಡುವುದೇ ಲೇಸು.

ಎರಡನೆಯದು, ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸ್ಟಿಕಿ ಕೀಸ್ ತಾನಾಗಿಯೇ ನಿಲ್ಲುವ ಆಯ್ಕೆ. ಒಂದೇ ಕಂಪ್ಯೂಟರನ್ನು ಮನೆಮಂದಿಯೆಲ್ಲ ಬಳಸುತ್ತಿದ್ದರೆ ಇದು ಬೇಕೆನಿಸಬಹುದು. ಆದರೆ ನನ್ನ ಚಿಕ್ಕಮ್ಮ ಪಾರ್ಶ್ವವಾಯುವಾದ ಮೇಲೆ ಎಡಗೈಯೊಂದರಿಂದಲೇ ಬರೆಯಲು ಕಲಿತಾಗ, ವಾರಕ್ಕೆರಡು ಸಲ ‘ಶಿಫ್ಟ್ ಮತ್ತೆ ಕೆಟ್ಟಿದೆ’ ಎಂದು ನನಗೆ ಫೋನ್ ಮಾಡುತ್ತಿದ್ದರು. ಮೊಮ್ಮಗ ಬಂದು ಎರಡು ಕೈಯಲ್ಲಿ ಏನೋ ಬೆರಳಚ್ಚಿಸಿ ಎದ್ದು ಹೋದರೆ ಸಾಕು, ಅವರ ಸ್ಟಿಕಿ ಕೀಸ್ ನಿಂತಿರುತ್ತಿತ್ತು. ಆ ಆಯ್ಕೆಯನ್ನು ತೆಗೆದ ದಿನದಿಂದ ಆ ದೂರು ಬಂದಿಲ್ಲ. ಒಂದೇ ಕೈಯಿಂದ ಒತ್ತುವಾಗ ಲ್ಯಾಪ್‌ಟಾಪ್ ಮೇಜಿನ ಮೇಲೆ ಜಾರುತ್ತಿತ್ತು. ಚಪಾತಿ ಮಣೆಯ ಅಡಿಗೆ ಒದ್ದೆ ಬಟ್ಟೆ ಹಾಸುವ ಅಭ್ಯಾಸ ಅವರಿಗೆ ನೆನಪಾಗಿ, ಕಪಾಟಿನಲ್ಲಿ ಹಾಸುವ ರಬ್ಬರ್ ಹಾಳೆಯ ತುಂಡನ್ನು ಕತ್ತರಿಸಿ ಕೆಳಗಿಟ್ಟರು. ಯಾವ ಸೆಟ್ಟಿಂಗ್ ಬದಲಿಸಿದರೂ ಆ ತುಂಡಿನಷ್ಟು ಪ್ರಯೋಜನವಾಗುತ್ತಿರಲಿಲ್ಲ.

ಪರದೆ ಓದುವ ತಂತ್ರಾಂಶ ಬಳಸುವ ಅಂಧರಿಗೆ ಇಲ್ಲೊಂದು ಮಿತಿ ಇದೆ. ಎನ್‌ವಿಡಿಎಯ ಆಜ್ಞೆಗಳಿಗೆ ಇನ್ಸರ್ಟ್ ಅಥವಾ ಕ್ಯಾಪ್ಸ್ ಲಾಕ್ ಕೀಲಿಯನ್ನು ಹಿಡಿದುಕೊಂಡಿರಬೇಕು. ವಿಂಡೋಸ್‌ನ ಸ್ಟಿಕಿ ಕೀಸ್ ಈ ಕೀಲಿಗಳನ್ನು ಅಂಟಿಸಿಡುವುದಿಲ್ಲ. ಕಣ್ಣಿನ ಜೊತೆಗೆ ಒಂದು ಕೈಯ ತೊಂದರೆಯೂ ಇರುವವರು ಇನ್ಸರ್ಟ್ ಮತ್ತು ಕ್ಯಾಪ್ಸ್ ಲಾಕ್ ಎರಡರಲ್ಲಿ ತಮ್ಮ ಹೆಬ್ಬೆರಳಿಗೋ ಕಿರುಬೆರಳಿಗೋ ಸುಲಭವಾಗಿ ಎಟಕುವುದನ್ನು ಆರಿಸಿಕೊಂಡು, ಲ್ಯಾಪ್‌ಟಾಪ್ ಮಾದರಿಯ ಆಜ್ಞೆಗಳನ್ನು ರೂಢಿಸಿಕೊಳ್ಳುವುದು ಒಳ್ಳೆಯದು.

ನಡುಗುವ ಕೈಗೆ: ರಿಪೀಟ್, ಸ್ಲೋ, ಬೌನ್ಸ್

ವಿಂಡೋಸ್‌ನಲ್ಲಿ ಫಿಲ್ಟರ್ ಕೀಸ್ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಸೌಲಭ್ಯಗಳಿವೆ. ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲೇ.

ಬೆರಳು ತಡವಾಗಿ ಏಳುವುದರಿಂದ ಅಕ್ಷರಗಳು ಸಾಲುಗಟ್ಟುತ್ತಿದ್ದರೆ, ಬೇರೆ ಏನನ್ನೂ ಮುಟ್ಟುವ ಮೊದಲು ಪುನರಾವರ್ತನೆಯನ್ನು ನಿಧಾನಗೊಳಿಸಿ ಇಲ್ಲವೇ ನಿಲ್ಲಿಸಿ. ಗ್ನೋಮ್‌ನಲ್ಲಿ ರಿಪೀಟ್ ಕೀಸ್ ಎಂಬುದನ್ನು ಒಂದೇ ಒತ್ತಿನಲ್ಲಿ ನಿಲ್ಲಿಸಬಹುದು, ಮ್ಯಾಕ್‌ನಲ್ಲೂ ಪೂರ್ತಿ ನಿಲ್ಲಿಸುವ ಅವಕಾಶವಿದೆ. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪುನರಾವರ್ತನೆ ಆರಂಭವಾಗುವ ಮುನ್ನಿನ ಬಿಡುವನ್ನು ಹೆಚ್ಚೆಂದರೆ ಸುಮಾರು 1 ಸೆಕೆಂಡಿಗೆ ಏರಿಸಬಹುದು. ಅಷ್ಟು ಸಾಲದವರು ಫಿಲ್ಟರ್ ಕೀಸ್‌ಗೆ ಹೋಗಬೇಕು. ಇದರಿಂದ ಬರೆಯುವ ವೇಗ ಒಂದಿಷ್ಟೂ ಕುಗ್ಗುವುದಿಲ್ಲವಾದ್ದರಿಂದ ಮೂರರಲ್ಲಿ ಇದೇ ಅತ್ಯಂತ ಅಗ್ಗದ ಪರಿಹಾರ.

ಸ್ಲೋ ಕೀಸ್ ಎಂದರೆ ನಿಗದಿಪಡಿಸಿದಷ್ಟು ಹೊತ್ತು ಕೀಲಿಯನ್ನು ಒತ್ತಿ ಹಿಡಿದರೆ ಮಾತ್ರ ಅಕ್ಷರ ಮೂಡುವ ವ್ಯವಸ್ಥೆ. ಗುರಿ ಮುಟ್ಟುವ ಮುನ್ನ ಅಕ್ಕಪಕ್ಕದ ಕೀಲಿಗಳನ್ನು ಸವರುವ ಕೈಗೆ, ಮುಖ್ಯವಾಗಿ ಸೆರೆಬ್ರಲ್ ಪಾಲ್ಸಿ ಇರುವ ಎಷ್ಟೋ ಜನರಿಗೆ, ಇದಕ್ಕಿಂತ ಸರಿಯಾದದ್ದು ಇನ್ನೊಂದಿಲ್ಲ. ಆದರೆ ಇದರ ಬೆಲೆಯನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. 0.3 ಸೆಕೆಂಡ್ ಇಟ್ಟರೆ 1000 ಒತ್ತುಗಳಿಗೆ 300 ಸೆಕೆಂಡ್, ಅಂದರೆ 5 ನಿಮಿಷ ಹೆಚ್ಚು ಹಿಡಿಯುತ್ತದೆ. 1 ಸೆಕೆಂಡ್ ಇಟ್ಟರೆ 16 ನಿಮಿಷಕ್ಕೂ ಹೆಚ್ಚು. ತಪ್ಪುಗಳನ್ನು ಅಳಿಸಿ ತಿದ್ದುವುದಕ್ಕೆ ಈಗ ಅದಕ್ಕಿಂತ ಹೆಚ್ಚು ಸಮಯ ಹೋಗುತ್ತಿದ್ದರೆ ಸ್ಲೋ ಕೀಸ್ ಲಾಭ, ಇಲ್ಲದಿದ್ದರೆ ನಷ್ಟ. ಕಡಿಮೆ ಬಿಡುವಿನಿಂದ ಆರಂಭಿಸಿ ಸ್ವಲ್ಪಸ್ವಲ್ಪವೇ ಏರಿಸಿ. ಗ್ನೋಮ್‌ನಲ್ಲಿ ಕೀಲಿ ಒತ್ತಿದಾಗ, ಅದು ಒಪ್ಪಿತವಾದಾಗ, ತಿರಸ್ಕೃತವಾದಾಗ ಪ್ರತ್ಯೇಕವಾಗಿ ಸದ್ದು ಮಾಡಿಸಬಹುದು. ಹೊಸದಾಗಿ ರೂಢಿಸಿಕೊಳ್ಳುವವರಿಗೆ ‘ಒಪ್ಪಿತ’ದ ಸದ್ದೊಂದನ್ನೇ ಇಟ್ಟುಕೊಳ್ಳುವುದು ಹಿತ.

ಬೌನ್ಸ್ ಕೀಸ್ ಅದುರುವ ಬೆರಳಿಗೆ. ಒಂದು ಕೀಲಿಯನ್ನು ಬಿಟ್ಟ ಸ್ವಲ್ಪ ಹೊತ್ತಿನೊಳಗೆ ಅದೇ ಕೀಲಿ ಮತ್ತೆ ತಾಗಿದರೆ ಎರಡನೆಯದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೇರೆ ಕೀಲಿಗಳು ಎಂದಿನ ವೇಗದಲ್ಲೇ ನಡೆಯುತ್ತವೆ. ನಡುಕ ಮಾತ್ರ ಇದ್ದು ಗುರಿ ಸರಿಯಾಗಿರುವವರು ಸ್ಲೋ ಕೀಸ್ ಬಳಸುತ್ತಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅವರಿಗೆ ಬೇಕಾಗಿರುವುದು ಬೌನ್ಸ್ ಕೀಸ್. ವಿಂಡೋಸ್‌ನಲ್ಲಿ ಸ್ಲೋ ಮತ್ತು ಬೌನ್ಸ್ ಎರಡೂ ಒಟ್ಟಿಗೆ ನಡೆಯುವುದಿಲ್ಲ, ಒಂದನ್ನೇ ಆರಿಸಬೇಕು.

ಫಿಲ್ಟರ್ ಕೀಸ್ ಬಗ್ಗೆ ಒಂದು ಎಚ್ಚರಿಕೆಯ ಮಾತು. ವಿಂಡೋಸ್‌ನಲ್ಲಿ ಬಲಬದಿಯ ಶಿಫ್ಟನ್ನು 8 ಸೆಕೆಂಡ್ ಒತ್ತಿ ಹಿಡಿದರೆ ಇದನ್ನು ಚಾಲೂ ಮಾಡುವ ಕಿಟಕಿ ತೆರೆಯುತ್ತದೆ. ಕೈ ಭಾರವಾಗಿ ಕೀಲಿಮಣೆಯ ಅಂಚಿನ ಮೇಲೆ ಒರಗಿಸುವವರಿಗೆ ಇದು ತಾನಾಗಿಯೇ ಎದುರಾಗುತ್ತದೆ. ಏನೆಂದು ತಿಳಿಯದೆ ಒಪ್ಪಿಗೆ ಕೊಟ್ಟರೆ, ಎಂದಿನಂತೆ ಚುಟುಕಾಗಿ ಒತ್ತಿದ ಅಕ್ಷರಗಳು ಮೂಡದೇ ಹೋಗಬಹುದು. ಪರಿಚಿತರೊಬ್ಬರು ಇದೇ ಕಾರಣಕ್ಕೆ ಲ್ಯಾಪ್‌ಟಾಪನ್ನು ರಿಪೇರಿಗೆ ಕೊಟ್ಟು, ಹೊಸ ಕೀಲಿಮಣೆ ಹಾಕಿಸಿಕೊಂಡು ಬಂದರು. ಕೀಲಿಮಣೆ ಇದ್ದಕ್ಕಿದ್ದಂತೆ ಸತ್ತಂತಾದರೆ ವಿಂಡೋಸ್ ಕೀಲಿ ಹಿಡಿದು ಯು ಒತ್ತಿ, ಅಥವಾ ಮೌಸ್‌ನಿಂದ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಪುಟಕ್ಕೆ ಹೋಗಿ, ಫಿಲ್ಟರ್ ಕೀಸ್ ಚಾಲೂ ಇದೆಯೇ ಎಂದು ಮೊದಲು ನೋಡಿ.

ಕನ್ನಡದ ವಿನ್ಯಾಸವೂ ಆಯ್ಕೆಯ ಭಾಗವೇ

ಇಂಗ್ಲಿಷಿನಲ್ಲಿ ಬರೆದ ಮಾರ್ಗದರ್ಶಿಗಳಲ್ಲಿ ಸಿಗದ, ಆದರೆ ನಮಗೆ ಬಹಳ ಮುಖ್ಯವಾದ ವಿಚಾರ ಇದು: ಯಾವ ವಿನ್ಯಾಸದಲ್ಲಿ ಕನ್ನಡ ಬರೆಯುತ್ತೀರಿ ಎಂಬುದರ ಮೇಲೆ ನಿಮಗೆ ಶಿಫ್ಟ್ ಎಷ್ಟು ಸಲ ಬೇಕು, ಬೌನ್ಸ್ ಕೀಸ್ ಎಷ್ಟು ತೊಡಕಾಗುತ್ತದೆ ಎಂಬುದು ನಿಂತಿದೆ.

ಕೆ. ಪಿ. ರಾವ್ ಅವರ ಕೀಲಿಮಣೆಯ ಆಧಾರದ ಮೇಲೆ ರೂಪುಗೊಂಡ, ನುಡಿಯಲ್ಲಿರುವ ಕಗಪ ವಿನ್ಯಾಸದಲ್ಲಿ ದೀರ್ಘ ಸ್ವರ, ಮಹಾಪ್ರಾಣ, ಅನುಸ್ವಾರ, ಳಕಾರ, ಣಕಾರಗಳಿಗೆ ಶಿಫ್ಟ್ ಬೇಕು. ಭಾರತ ಸರ್ಕಾರ ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ಮಾದರಿಯಾಗಿ ರೂಪಿಸಿ, 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಮಾನ್ಯ ಮಾಡಿದ ಇನ್‌ಸ್ಕ್ರಿಪ್ಟ್‌ನಲ್ಲಿ ಗುಣಿತದ ಚಿಹ್ನೆಗಳಿಗೂ ಅನುಸ್ವಾರಕ್ಕೂ ಶಿಫ್ಟ್ ಬೇಡ. ಪದದ ಆರಂಭದಲ್ಲಿ ಬರುವ ಬಿಡಿ ಸ್ವರಗಳಿಗೆ, ಮಹಾಪ್ರಾಣಗಳಿಗೆ, ಶ, ಷ, ಳ, ಣಗಳಂಥ ಕೆಲವು ವ್ಯಂಜನಗಳಿಗೆ ಮಾತ್ರ ಬೇಕು. ‘ಬೆಂಗಳೂರು’ ಎಂಬ ಪದಕ್ಕೆ ಎರಡರಲ್ಲೂ 8 ಕೀಲಿಗಳು. ಆದರೆ ಕಗಪದಲ್ಲಿ ಅನುಸ್ವಾರಕ್ಕೆ, ಳಕಾರಕ್ಕೆ, ದೀರ್ಘ ಊಕಾರಕ್ಕೆ ಸೇರಿ 3 ಶಿಫ್ಟ್. ಇನ್‌ಸ್ಕ್ರಿಪ್ಟ್‌ನಲ್ಲಿ ಳಕಾರಕ್ಕೆ ಮಾತ್ರ 1. ‘ಧಾರವಾಡ’ಕ್ಕೆ ಕಗಪದಲ್ಲಿ 3, ಇನ್‌ಸ್ಕ್ರಿಪ್ಟ್‌ನಲ್ಲಿ ಮತ್ತೆ 1. ‘ಹಳ್ಳಿ’ಗೆ ಮಾತ್ರ ಎರಡರಲ್ಲೂ ಎರಡೆರಡು. ಸ್ಟಿಕಿ ಕೀಸ್ ಬಳಸುವವರಿಗೆ ಪ್ರತಿಯೊಂದು ಶಿಫ್ಟೂ ಇನ್ನೊಂದು ಪೂರ್ತಿ ಒತ್ತು. ಪುಟಗಟ್ಟಲೆ ಬರೆಯುವ ಬೆರಳಿಗೆ ಈ ಉಳಿತಾಯ ದೊಡ್ಡದು.

ಹಾಗೆಂದು ಎಲ್ಲರೂ ಇನ್‌ಸ್ಕ್ರಿಪ್ಟ್‌ಗೆ ಹೋಗಬೇಕೆಂದು ನಾನು ಹೇಳಲಾರೆ. ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ ಹಂಚಿವೆ. ಎರಡು ಕೈಗಳಿದ್ದವರಿಗೆ ಅದು ಲಯವಾದರೆ, ಒಂದೇ ಕೈಯಿರುವವರಿಗೆ ಪ್ರತಿ ಗುಣಿತಾಕ್ಷರಕ್ಕೂ ಕೀಲಿಮಣೆಯ ಈ ತುದಿಯಿಂದ ಆ ತುದಿಗೆ ಓಡಾಟ. ಇಪ್ಪತ್ತು ವರ್ಷ ಕಗಪದಲ್ಲೇ ಬರೆದ ಕಚೇರಿ ನೌಕರರು ಕೈ ಸೋತ ಮೇಲೆ ಹೊಸ ವಿನ್ಯಾಸ ಕಲಿಯುವುದಕ್ಕಿಂತ, ಬೆರಳಿಗೆ ನೆನಪಿರುವ ಕಗಪಕ್ಕೇ ಸ್ಟಿಕಿ ಕೀಸ್ ಸೇರಿಸಿಕೊಳ್ಳುವುದು ಮೇಲು. ಎರಡೂ ಕೈಗಳಿದ್ದು ಒಟ್ಟಿಗೆ ಎರಡು ಕೀಲಿ ಒತ್ತಲಾಗದವರು, ಹೊಸದಾಗಿ ಕನ್ನಡ ಬೆರಳಚ್ಚು ಕಲಿಯುತ್ತಿದ್ದರೆ, ಇನ್‌ಸ್ಕ್ರಿಪ್ಟನ್ನೇ ಕಲಿಯಲಿ.

ಬೌನ್ಸ್ ಕೀಸ್ ಬಳಸುವವರ ಲೆಕ್ಕ ಬೇರೆ. ವಿಂಡೋಸ್‌ನಲ್ಲಿ ಅದರ ಬಿಡುವು ಅರ್ಧ ಸೆಕೆಂಡಿನಿಂದ ಆರಂಭವಾಗುತ್ತದೆ. ಲಿಪ್ಯಂತರದಲ್ಲಿ ಬರೆಯುವವರು ‘ಅಮ್ಮ’ ಎನ್ನಲು ಎಂ ಕೀಲಿಯನ್ನು ಬೆನ್ನುಬೆನ್ನಿಗೆ ಎರಡು ಸಲ ಒತ್ತಬೇಕು. ಬೌನ್ಸ್ ಕೀಸ್ ಎರಡನೆಯದನ್ನು ನುಂಗಿಹಾಕಿ ‘ಅಮ’ ಎಂದು ಬಿಡುತ್ತದೆ. ಅಪ್ಪ, ಅಕ್ಕ, ಅಣ್ಣ ಎಲ್ಲರಿಗೂ ಇದೇ ಗತಿ. ಸಜಾತೀಯ ಒತ್ತಕ್ಷರಗಳು ಇಷ್ಟೊಂದಿರುವ ಭಾಷೆಯಲ್ಲಿ ಇದು ದಿನವಿಡೀ ಕಾಡುತ್ತದೆ. ಕಗಪದಲ್ಲೂ ಇನ್‌ಸ್ಕ್ರಿಪ್ಟ್‌ನಲ್ಲೂ ಎರಡು ಮಕಾರಗಳ ನಡುವೆ ಒತ್ತಕ್ಷರ ಮಾಡುವ ಕೀಲಿ ಬರುವುದರಿಂದ ಒಂದೇ ಕೀಲಿ ಎರಡು ಸಲ ಒಟ್ಟಿಗೆ ಬೀಳುವುದಿಲ್ಲ, ‘ಅಮ್ಮ’ ಕೆಡುವುದಿಲ್ಲ. ಅಲ್ಲಿ ‘ನನಗೆ’, ‘ಮಮತೆ’ಯಂಥ ಪದಗಳಲ್ಲಿ ಮಾತ್ರ ಒಂದೇ ಕೀಲಿ ಬೆನ್ನುಬೆನ್ನಿಗೆ ಬರುತ್ತದೆ, ಅಲ್ಲಿ ಅರೆಕ್ಷಣ ನಿಂತು ಒತ್ತುವುದನ್ನು ರೂಢಿಸಿಕೊಂಡರೆ ಸಾಕು. ಕೈ ನಡುಗುವವರಿಗೆ ಲಿಪ್ಯಂತರ ಬೇಡ ಎಂದು ನಾನು ಖಂಡಿತವಾಗಿ ಹೇಳುವುದು ಈ ಕಾರಣಕ್ಕೆ.

ಹಾಗಿದ್ದರೆ ಲಿಪ್ಯಂತರ ಯಾರಿಗೆ? ನಡುಕವಿಲ್ಲದೆ ಶಿಫ್ಟಿನ ತೊಂದರೆ ಮಾತ್ರ ಇರುವವರಿಗೆ ಅದೂ ಒಳ್ಳೆಯ ದಾರಿಯೇ. 2019ರ ಮೇ ತಿಂಗಳ ಆವೃತ್ತಿಯಿಂದ ವಿಂಡೋಸ್ 10ರಲ್ಲಿ ಸೇರಿದ ಕನ್ನಡ ಫೊನೆಟಿಕ್ ಕೀಲಿಮಣೆಯಲ್ಲಿ ಪದವನ್ನು ಸಣ್ಣ ಅಕ್ಷರಗಳಲ್ಲೇ ಬರೆದು, ಮೂಡುವ ಪಟ್ಟಿಯಿಂದ ಸರಿಯಾದುದನ್ನು ಆರಿಸಿಕೊಳ್ಳಬಹುದು. ಆ ಪಟ್ಟಿಯನ್ನು ಪ್ರತಿ ಪದಕ್ಕೂ ಕಣ್ಣಿನಿಂದ ನೋಡಬೇಕಾದ್ದರಿಂದ ದೃಷ್ಟಿ ಮಂದವಿರುವವರಿಗೂ ಪರದೆ ಓದಿಸಿಕೊಳ್ಳುವವರಿಗೂ ಅದು ಹೊರೆ. ಲಿನಕ್ಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಮತ್ತು ಕಗಪ ಎರಡೂ ವ್ಯವಸ್ಥೆಯ ಜೊತೆಗೇ ಬರುತ್ತವೆ.

ಮೌಸ್ ಹಿಡಿಯಲಾಗದವರಿಗೆ

ಮೌಸ್ ಕೀಸ್ ಅಂಕಿಗಳ ಕೀಲಿಗಳಿಂದ ಬಾಣದ ಗುರುತನ್ನು ಆಡಿಸುತ್ತದೆ. ವಿಂಡೋಸ್‌ನಲ್ಲಿ ಎಡಬದಿಯ ಆಲ್ಟ್, ಎಡಬದಿಯ ಶಿಫ್ಟ್, ನಮ್ ಲಾಕ್ ಮೂರನ್ನೂ ಒತ್ತಿದರೆ ಚಾಲೂ ಆಗುತ್ತದೆ; 5 ಒತ್ತಿದರೆ ಕ್ಲಿಕ್, ಕೂಡಿಸುವ ಗುರುತು ಒತ್ತಿದರೆ ಡಬಲ್ ಕ್ಲಿಕ್, 0 ಒತ್ತಿದರೆ ಹಿಡಿದುಕೊಳ್ಳುವುದು, ಚುಕ್ಕೆ ಒತ್ತಿದರೆ ಬಿಡುವುದು. ಕೊಳ್ಳುವ ಮುನ್ನ ಗಮನಿಸಬೇಕಾದ ಸಂಗತಿ, ವಿಂಡೋಸ್‌ನಲ್ಲಿ ಇದಕ್ಕೆ ಬಲಬದಿಯ ಅಂಕಿಗಳ ಗುಂಪು ಬೇಕು. ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ಅದಿರುವುದಿಲ್ಲ, ಯುಎಸ್‌ಬಿಯ ಬಿಡಿ ಅಂಕಿಮಣೆಯನ್ನು ಪ್ರತ್ಯೇಕವಾಗಿ ಕೊಳ್ಳಬೇಕಾಗುತ್ತದೆ. ಮ್ಯಾಕ್‌ನಲ್ಲಿ 7, 8, 9, ಯು, ಒ, ಜೆ, ಕೆ, ಎಲ್ ಕೀಲಿಗಳೇ ಆ ಕೆಲಸ ಮಾಡುತ್ತವೆ. ಆದರೆ ಮೌಸ್ ಕೀಸ್ ನಿಧಾನ. ಟ್ಯಾಬ್, ಬಾಣದ ಕೀಲಿ, ಎಂಟರ್‌ಗಳಿಂದಲೇ ಆಗುವ ಕೆಲಸಕ್ಕೆ ಅದನ್ನು ಬಳಸಬೇಡಿ. ಕೀಲಿಮಣೆಗೆ ಸ್ಪಂದಿಸದ ಜಾಲತಾಣಗಳಿಗಾಗಿ ಅದನ್ನು ಇಟ್ಟುಕೊಳ್ಳಿ.

ಕೀಲಿಗಳನ್ನು ಒತ್ತಲೇ ಆಗದವರಿಗೆ ಪರದೆಯ ಮೇಲಿನ ಕೀಲಿಮಣೆ ಇದೆ. ವಿಂಡೋಸ್‌ನಲ್ಲಿ ಕ್ಲಿಕ್ ಮಾಡಿ, ಅಥವಾ ಗುರುತನ್ನು ಕೀಲಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿ, ಅಥವಾ ಕೀಲಿಗಳು ತಾವಾಗಿಯೇ ಸರದಿಯಲ್ಲಿ ಬೆಳಗುತ್ತಿರುವಾಗ ಒಂದೇ ಗುಂಡಿ ಒತ್ತಿ ಆರಿಸಿಕೊಳ್ಳಬಹುದು. ಒಂದೇ ಒಂದು ಸ್ನಾಯುವಿನ ಮೇಲೆ ಹಿಡಿತವಿರುವವರಿಗೂ ಕೊನೆಯ ವಿಧಾನ ಬರೆಯುವ ದಾರಿ ತೆರೆಯುತ್ತದೆ. ಮಾತು ಸ್ಪಷ್ಟವಿರುವವರು ಅದಕ್ಕಿಂತ ಮೊದಲು ಗೂಗಲ್ ಡಾಕ್ಸ್‌ನ ಧ್ವನಿ ಬರಹವನ್ನು ಕನ್ನಡದಲ್ಲಿ ಪ್ರಯತ್ನಿಸಬೇಕು. ಅದಕ್ಕೆ ಇಂಟರ್ನೆಟ್ ಸಂಪರ್ಕ ಬೇಕು. ಅಲ್ಪವಿರಾಮ ಹಾಕುವ, ಪದ ಅಳಿಸುವ ಆಜ್ಞೆಗಳನ್ನು ಬಾಯಲ್ಲಿ ಹೇಳುವ ಅನುಕೂಲ ಇಂಗ್ಲಿಷಿನಷ್ಟು ಕನ್ನಡಕ್ಕೆ ಇಲ್ಲದ ಕಾರಣ ತಿದ್ದುಪಡಿಗೆ ಕೀಲಿಮಣೆ ಬೇಕೇ ಬೇಕು. ಸೆರೆಬ್ರಲ್ ಪಾಲ್ಸಿಯಲ್ಲಿ ಮಾತು ತೊದಲುವವರನ್ನೂ ಪಾರ್ಕಿನ್‌ಸನ್‌ನಲ್ಲಿ ದನಿ ಕುಗ್ಗಿದವರನ್ನೂ ಧ್ವನಿ ಬರಹದತ್ತ ಒತ್ತಾಯಿಸಬಾರದು.

ಟಾಗಲ್ ಕೀಸ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕ್ಯಾಪ್ಸ್ ಲಾಕ್, ನಮ್ ಲಾಕ್ ಬಿದ್ದಾಗ ಅದು ಸದ್ದು ಮಾಡುತ್ತದೆ. ಎನ್‌ವಿಡಿಎ ಇದ್ದವರಿಗೆ ಅದೇ ಬಾಯಿಬಿಟ್ಟು ಹೇಳುವುದರಿಂದ ಇದು ಬೇಡ. ಪರದೆ ಓದಿಸಿಕೊಳ್ಳದ, ಆದರೆ ಕೀಲಿಮಣೆಯ ಸಣ್ಣ ದೀಪ ಕಾಣದ ಮಂದದೃಷ್ಟಿಯವರಿಗೆ ಬೇಕು.

ತಂತ್ರಾಂಶದಿಂದ ಆಗದ್ದನ್ನು ಕೆಲವೊಮ್ಮೆ ಒಂದು ಹಲಗೆ ಮಾಡುತ್ತದೆ. ಪ್ರತಿ ಕೀಲಿಗೂ ಒಂದೊಂದು ರಂಧ್ರವಿರುವ ಅಕ್ರಿಲಿಕ್ ಹಲಗೆಯನ್ನು ಕೀಲಿಮಣೆಯ ಮೇಲೆ ಕೂರಿಸಿದರೆ, ಕೈಯನ್ನು ಅದರ ಮೇಲೆ ಊರಿಯೇ ಬರೆಯಬಹುದು. ಸವರುವ ಬೆರಳು ಪಕ್ಕದ ಕೀಲಿಗೆ ಜಾರುವುದಿಲ್ಲ, ಸ್ಲೋ ಕೀಸ್‌ನ ವಿಳಂಬವೂ ಇಲ್ಲ. ನಾಮಫಲಕಗಳಿಗಾಗಿ ಅಕ್ರಿಲಿಕ್ ಕತ್ತರಿಸಿ ಕೊಡುವ ಅಂಗಡಿಗಳಲ್ಲಿ, ಕೀಲಿಮಣೆಯನ್ನೇ ಒಯ್ದು ಅಳತೆ ಕೊಟ್ಟು ಇದನ್ನು ಮಾಡಿಸಿಕೊಳ್ಳಬಹುದು.

ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವವರು ಇಂಥ ಹಲಗೆ, ಬಿಡಿ ಅಂಕಿಮಣೆ ಮುಂತಾದವನ್ನು ಕೇಳಲು ಸಂಕೋಚಪಡಬೇಕಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 20ನೇ ಕಲಂ ಅಂಗವಿಕಲ ನೌಕರರಿಗೆ ಸೂಕ್ತ ಅನುಕೂಲ ಒದಗಿಸುವುದನ್ನು ಸರ್ಕಾರಿ ಸಂಸ್ಥೆಗಳ ಕರ್ತವ್ಯವನ್ನಾಗಿ ಮಾಡಿದೆ.

ಎಲ್ಲವನ್ನೂ ಹೊಂದಿಸಿದ ಮೇಲೆ ಕಂಪ್ಯೂಟರನ್ನು ಒಮ್ಮೆ ಆರಿಸಿ, ಮತ್ತೆ ಹಚ್ಚಿ, ಲಾಗಿನ್ ಪರದೆಯಲ್ಲೇ ನಿಂತು ನೋಡಿ. ಗುಪ್ತಪದದಲ್ಲಿ ದೊಡ್ಡ ಅಕ್ಷರವೋ ವಿಶೇಷ ಚಿಹ್ನೆಯೋ ಇದ್ದರೆ ಶಿಫ್ಟ್ ಬೇಕು, ನಿಮ್ಮ ಸೆಟ್ಟಿಂಗ್‌ಗಳು ಇನ್ನೂ ಜಾರಿಗೆ ಬಂದಿರದೆ ಇರಬಹುದು. ವಿಂಡೋಸ್‌ನಲ್ಲಿ ಆ ಪರದೆಯ ಕೆಳಗೆ ಬಲಮೂಲೆಯಲ್ಲಿರುವ ಆಕ್ಸೆಸಿಬಿಲಿಟಿ ಗುರುತನ್ನು ಒತ್ತಿ ಸ್ಟಿಕಿ ಕೀಸನ್ನು ಅಲ್ಲಿಯೂ ಚಾಲೂ ಮಾಡಬಹುದು. ಅದಕ್ಕಿಂತ ಸುಲಭವಾದದ್ದು, ಗುಪ್ತಪದದ ಬದಲು ಅಂಕಿಗಳಷ್ಟೇ ಇರುವ ಪಿನ್ ಇಟ್ಟುಕೊಳ್ಳುವುದು. ಅದಕ್ಕೆ ಶಿಫ್ಟ್ ಬೇಡ, ಒಂದು ಬೆರಳು ಸಾಕು.